ಆಮ್‌ಸ್ಟರ್‌ಡ್ಯಾಮ್ ಯುಎಂಸಿ ದತ್ತಸಂಚಯ

ಆಮ್‌ಸ್ಟರ್‌ಡ್ಯಾಮ್ ಯುಎಂಸಿ ದತ್ತಸಂಚಯವು ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ನಗರದ ವಿಶ್ವವಿದ್ಯಾಲಯ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಚಿಕಿತ್ಸೆ ಪಡೆದವರ ವೈದ್ಯಕೀಯ ಮಾಹಿತಿಯನ್ನು, ಅವರ ಗುರುತನ್ನು ಮರೆಸಿ, ಸಂಶೋಧಕರಿಗೆ ಉಚಿತವಾಗಿ ಒದಗಿಸುವ ಸಂಗ್ರಹವಾಗಿದೆ. 2003ರಿಂದ 2016ರ ಅವಧಿಯಲ್ಲಿ ಚಿಕಿತ್ಸೆ ಪಡೆದ 20,109 ರೋಗಿಗಳ 23,106 ದಾಖಲಾತಿಗಳ ವಿವರ ಇದರಲ್ಲಿದ್ದು, ಒಟ್ಟು ದತ್ತಾಂಶಗಳ ಸಂಖ್ಯೆ ಸುಮಾರು 100 ಕೋಟಿ. ಅಮೆರಿಕ ಮತ್ತು ಯುರೋಪ್ ಎರಡೂ ಕಡೆಯ ಖಾಸಗಿತನದ ಕಾನೂನುಗಳನ್ನು ಸಂಪೂರ್ಣವಾಗಿ ಪಾಲಿಸಿ ಮುಕ್ತವಾಗಿ ಲಭ್ಯವಾದ ಮೊದಲ ತೀವ್ರ ನಿಗಾ ದತ್ತಸಂಚಯವೆಂದು ಇದನ್ನು ರೂಪಿಸಿದ ವೈದ್ಯರು ವಿವರಿಸಿದ್ದಾರೆ. ಯುರೋಪಿನ ತೀವ್ರ ನಿಗಾ ವೈದ್ಯರ ಸಂಘದ ಸಹಯೋಗದಲ್ಲಿ ಇದು 2019ರಲ್ಲಿ ಬಿಡುಗಡೆಯಾಯಿತು.

ಹಿನ್ನೆಲೆ

ತೀವ್ರ ನಿಗಾ ಘಟಕದಲ್ಲಿರುವ ರೋಗಿಯ ಹೃದಯ ಬಡಿತ, ರಕ್ತದೊತ್ತಡ, ಉಸಿರಾಟ, ರಕ್ತದಲ್ಲಿನ ಆಮ್ಲಜನಕದ ಪ್ರಮಾಣ ಇವೆಲ್ಲವನ್ನೂ ಯಂತ್ರಗಳು ಹಗಲಿರುಳು ಅಳೆಯುತ್ತವೆ. ಔಷಧಿಯ ಪ್ರಮಾಣ, ವೆಂಟಿಲೇಟರ್‌ನ ಹೊಂದಾಣಿಕೆ, ಪ್ರಯೋಗಾಲಯದ ಫಲಿತಾಂಶಗಳೂ ಗಣಕದಲ್ಲಿ ಸೇರುತ್ತವೆ. ಯಾವ ಚಿಕಿತ್ಸೆ ಯಾರಿಗೆ ಯಾವ ಹಂತದಲ್ಲಿ ನೆರವಾಯಿತು ಎಂಬುದನ್ನು ತಿಳಿಯಲು ಇಂತಹ ದಾಖಲೆಗಳು ಅಮೂಲ್ಯವಾದವು. ಆದರೆ ಇವೇ ದಾಖಲೆಗಳು ಮನುಷ್ಯನ ಅತ್ಯಂತ ಅಸಹಾಯಕ ಗಳಿಗೆಗಳ ದಾಖಲೆಗಳೂ ಹೌದು. ಅಲ್ಲಿನ ಅನೇಕರು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಬಂದವರು. ಕೆಲವರು ಬದುಕಿ ಮರಳದವರು. ಅವರ ಒಪ್ಪಿಗೆಯನ್ನು ಹಾಸಿಗೆಯ ಬಳಿಯೇ ಕೇಳಿ ಪಡೆಯುವುದು ಸುಲಭವಲ್ಲ.

ಈ ಬಗೆಯ ಮುಕ್ತ ಹಂಚಿಕೆಗೆ ಮೊದಲು ದಾರಿ ತೋರಿದ್ದು ಅಮೆರಿಕದ ಮಿಮಿಕ್ ಎಂಬ ದತ್ತಸಂಚಯ. ಬಾಸ್ಟನ್‌ನ ಬೆತ್ ಇಸ್ರೇಲ್ ಡೀಕನೆಸ್ ವೈದ್ಯಕೀಯ ಕೇಂದ್ರದ ದಾಖಲೆಗಳನ್ನು ಆಧರಿಸಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯು ಇದನ್ನು ರೂಪಿಸಿತು. ಇದರ ಮೂರನೆಯ ಆವೃತ್ತಿಯ ವಿವರಣೆ 2016ರಲ್ಲಿ ಪ್ರಕಟವಾಯಿತು. ಹಲವು ವರ್ಷಗಳ ಕಾಲ ಈ ಕ್ಷೇತ್ರದ ಗಣಕ ಆಧಾರಿತ ಸಂಶೋಧನೆ ಬಹುಮಟ್ಟಿಗೆ ಅಮೆರಿಕದ ಇಂತಹ ದಾಖಲೆಗಳನ್ನೇ ಅವಲಂಬಿಸಿತ್ತು. ಒಂದು ದೇಶದ ರೋಗಿಗಳಿಂದ ಕಲಿತ ಪಾಠ ಮತ್ತೊಂದು ದೇಶದ ರೋಗಿಗಳಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಲು ಯುರೋಪಿನ ದಾಖಲೆಗಳು ಬೇಕಾಗಿದ್ದವು.

ಕಾನೂನಿನ ಚೌಕಟ್ಟು

ಅಮೆರಿಕದಲ್ಲಿ 1996ರ ಹಿಪಾ ಕಾಯಿದೆಯ ಅಡಿಯಲ್ಲಿ ಗುರುತು ಮರೆಸುವುದಕ್ಕೆ ಒಂದು ನಿಶ್ಚಿತ ಕ್ರಮವಿದೆ. ಹೆಸರು, ದೂರವಾಣಿ ಸಂಖ್ಯೆ, ವಿಳಾಸ, ದಿನಾಂಕ ಮೊದಲಾದ 18 ಬಗೆಯ ಗುರುತುಗಳನ್ನು ತೆಗೆದರೆ, ಉಳಿದ ಮಾಹಿತಿಯಿಂದ ವ್ಯಕ್ತಿಯನ್ನು ಪತ್ತೆಹಚ್ಚಬಹುದೆಂಬ ಅರಿವು ಸಂಸ್ಥೆಗೆ ಇಲ್ಲದಿದ್ದಲ್ಲಿ, ಅದನ್ನು ಗುರುತು ಮರೆಸಿದ ಮಾಹಿತಿಯೆಂದು ಪರಿಗಣಿಸಲಾಗುತ್ತದೆ.

ಯುರೋಪ್ ಒಕ್ಕೂಟದಲ್ಲಿ 2018ರ ಮೇ 25ರಿಂದ ಅನ್ವಯಿಸಿರುವ ಸಾಮಾನ್ಯ ದತ್ತಾಂಶ ಸಂರಕ್ಷಣಾ ನಿಯಮವು ಇಂತಹ ಪಟ್ಟಿಯನ್ನು ಕೊಡುವುದಿಲ್ಲ. ಯಾರಾದರೂ ಸಹಜವಾಗಿ ಬಳಸಬಹುದಾದ ಮಾರ್ಗಗಳಿಂದ ವ್ಯಕ್ತಿಯನ್ನು ಗುರುತಿಸಲು ಸಾಧ್ಯವೇ ಎಂಬುದೇ ಅದರ ಅಳತೆಗೋಲು. ಹೆಸರಿನ ಬದಲು ಸಂಕೇತಸಂಖ್ಯೆ ಇಟ್ಟು, ಅದನ್ನು ಬಿಡಿಸುವ ಕೀಲಿಯನ್ನು ಬೇರೆಡೆ ಉಳಿಸಿಕೊಂಡರೆ ಆ ಮಾಹಿತಿ ವೈಯಕ್ತಿಕ ಮಾಹಿತಿಯಾಗಿಯೇ ಉಳಿಯುತ್ತದೆ. ನಿಜವಾಗಿ ಅನಾಮಧೇಯವಾದ ಮಾಹಿತಿಗೆ ಮಾತ್ರ ಈ ನಿಯಮ ಅನ್ವಯಿಸದು. ಆರೋಗ್ಯದ ಮಾಹಿತಿಯನ್ನು ವಿಶೇಷ ವರ್ಗಕ್ಕೆ ಸೇರಿಸಲಾಗಿದ್ದು, ಗಂಭೀರ ಉಲ್ಲಂಘನೆಗೆ 2 ಕೋಟಿ ಯೂರೋ ಅಥವಾ ಸಂಸ್ಥೆಯ ಜಾಗತಿಕ ವಾರ್ಷಿಕ ವಹಿವಾಟಿನ ಶೇ. 4, ಇವೆರಡರಲ್ಲಿ ಹೆಚ್ಚಿನ ಮೊತ್ತದವರೆಗೆ ದಂಡ ವಿಧಿಸಲು ಅವಕಾಶವಿದೆ. ಮೃತಪಟ್ಟವರ ಮಾಹಿತಿಗೆ ಈ ನಿಯಮ ಅನ್ವಯಿಸುವುದಿಲ್ಲವಾದರೂ, ವೈದ್ಯನ ಗೋಪ್ಯತೆಯ ಹೊಣೆ ರೋಗಿಯ ಮರಣದೊಂದಿಗೆ ಮುಗಿಯುವುದಿಲ್ಲ.

ಗುರುತು ಮರೆಸಿದ ಕ್ರಮ

ಹೆಸರನ್ನು ಅಳಿಸಿದ ಮಾತ್ರಕ್ಕೆ ವ್ಯಕ್ತಿ ಮರೆಯಾಗುವುದಿಲ್ಲ. 1990ರ ದಶಕದಲ್ಲಿ ಸಂಶೋಧಕಿ ಲತಾನ್ಯ ಸ್ವೀನಿಯವರು ಹೆಸರಿಲ್ಲದ ಆಸ್ಪತ್ರೆ ದಾಖಲೆಗಳನ್ನು ಮತದಾರರ ಪಟ್ಟಿಯೊಡನೆ ಹೋಲಿಸಿ, ಮೆಸಾಚುಸೆಟ್ಸ್ ರಾಜ್ಯಪಾಲರ ದಾಖಲೆಯನ್ನೇ ಪತ್ತೆಹಚ್ಚಿ ತೋರಿಸಿದ್ದರು. ಜನ್ಮದಿನಾಂಕ, ಲಿಂಗ ಮತ್ತು ಅಂಚೆ ಸಂಕೇತ ಇವಿಷ್ಟೇ ಅದಕ್ಕೆ ಸಾಕಾಗಿದ್ದವು.

ಆದ್ದರಿಂದ ಆಮ್‌ಸ್ಟರ್‌ಡ್ಯಾಮ್‌ನ ತಂಡವು ಅಪಾಯದ ಪ್ರಮಾಣವನ್ನು ಅಳೆದು ಅದಕ್ಕೆ ತಕ್ಕಂತೆ ಮಾಹಿತಿಯನ್ನು ಮಸುಕುಗೊಳಿಸುವ ವಿಧಾನವನ್ನು ಅನುಸರಿಸಿತು. ಅದರ ಮುಖ್ಯ ಅಂಶಗಳು ಇವು:

• ದಿನಾಂಕಗಳನ್ನು ತೆಗೆದು, ಪ್ರತಿ ಘಟನೆಯ ಕಾಲವನ್ನು ರೋಗಿಯ ಮೊದಲ ದಾಖಲಾತಿಯಿಂದ ಎಣಿಸಲಾಗಿದೆ.
• ದಾಖಲಾದ ವರ್ಷವನ್ನು 2003–2009 ಮತ್ತು 2010–2016 ಎಂಬ ಎರಡು ಗುಂಪುಗಳಲ್ಲಿ ಮಾತ್ರ ಸೂಚಿಸಲಾಗಿದೆ.
• ನಿಖರವಾದ ವಯಸ್ಸು, ತೂಕ ಮತ್ತು ಎತ್ತರದ ಬದಲು ಅವುಗಳ ಶ್ರೇಣಿಗಳನ್ನು ನೀಡಲಾಗಿದೆ. 80 ಮತ್ತು ಅದಕ್ಕಿಂತ ಹೆಚ್ಚು ವಯಸ್ಸಿನವರೆಲ್ಲರೂ ಒಂದೇ ಗುಂಪಿಗೆ ಸೇರುತ್ತಾರೆ.
• ವೈದ್ಯರೂ ದಾದಿಯರೂ ಬರೆದ ಮುಕ್ತ ಟಿಪ್ಪಣಿಗಳನ್ನು ಕೈಬಿಡಲಾಗಿದೆ.

ಪರಿಶೋಧನೆಯ ನಂತರ ಮರುಗುರುತಿಸುವಿಕೆಯು ಸಹಜವಾಗಿ ಸಂಭವಿಸುವಂಥದ್ದಲ್ಲವೆಂದು ವರದಿಯಾಯಿತು. ಈ ಕಾರ್ಯದಲ್ಲಿ ರೋಗಿಗಳ ಸಂಘಟನೆಗಳ ಸಲಹೆಯನ್ನೂ ಪಡೆಯಲಾಗಿತ್ತು.

ಬಳಕೆಯ ನಿಬಂಧನೆಗಳು

ಇಲ್ಲಿ ಮುಕ್ತ ಎಂಬ ಪದಕ್ಕೆ ಯಾರು ಬೇಕಾದರೂ ತೆರೆದು ನೋಡಬಹುದೆಂಬ ಅರ್ಥವಿಲ್ಲ. ಶುಲ್ಕವಿಲ್ಲದಿದ್ದರೂ, ಅರ್ಜಿದಾರರು ಮಾನವ ಸಂಬಂಧಿ ಸಂಶೋಧನೆಯ ನೀತಿಸಂಹಿತೆಯ ತರಬೇತಿ ಪಡೆದಿರಬೇಕು ಮತ್ತು ಬಳಕೆಯ ಒಪ್ಪಂದಕ್ಕೆ ಸಹಿ ಹಾಕಬೇಕು. ರೋಗಿಗಳನ್ನು ಗುರುತಿಸಲು ಯತ್ನಿಸುವುದಕ್ಕೆ ಅವಕಾಶವಿಲ್ಲ. ಹೀಗೆ ಮಾಹಿತಿಯನ್ನು ಮಸುಕುಗೊಳಿಸುವ ತಂತ್ರ ಮತ್ತು ಬಳಸುವವರನ್ನು ಕಟ್ಟಿಹಾಕುವ ಕರಾರು ಪರಸ್ಪರ ಪೂರಕವಾಗಿವೆ. ಇವೆರಡರಲ್ಲಿ ಯಾವುದೊಂದೂ ತಾನಾಗಿಯೇ ಸಾಲದು.

ಮಿತಿಗಳು

ಗೋಪ್ಯತೆಗೆ ತೆತ್ತ ಬೆಲೆಯೂ ಇದೆ. ಮಿಮಿಕ್‌ನ ಮೂರನೆಯ ಆವೃತ್ತಿಯಲ್ಲಿ ದಿನಾಂಕಗಳನ್ನು ಭವಿಷ್ಯದ ಕಾಲಕ್ಕೆ ಸರಿಸಲಾಗಿದ್ದರೂ ವಾರದ ದಿನ ಮತ್ತು ಋತು ಉಳಿದಿವೆ. ಆಮ್‌ಸ್ಟರ್‌ಡ್ಯಾಮ್‌ನ ಸಂಗ್ರಹದಲ್ಲಿ ಅವು ತಿಳಿಯವು. ಹಾಗಾಗಿ ವಾರಾಂತ್ಯದಲ್ಲಿ ದಾಖಲಾದವರ ಫಲಿತಾಂಶ ಬೇರೆಯೇ, ಚಳಿಗಾಲದಲ್ಲಿ ಮರಣ ಹೆಚ್ಚೇ ಎಂಬಂತಹ ಪ್ರಶ್ನೆಗಳಿಗೆ ಇದರಿಂದ ಉತ್ತರ ದೊರೆಯುವುದಿಲ್ಲ. ಟಿಪ್ಪಣಿಗಳಿಲ್ಲದ ಕಾರಣ ವೈದ್ಯರು ಒಂದು ನಿರ್ಧಾರವನ್ನು ಏಕೆ ಕೈಗೊಂಡರೆಂಬುದೂ ಅನೇಕ ವೇಳೆ ಅಸ್ಪಷ್ಟ. ಅಲ್ಲದೆ ಇದು ಒಂದೇ ಆಸ್ಪತ್ರೆಯ ದಾಖಲೆಯಾಗಿದ್ದು, ಮೂಲದ ಅನೇಕ ಪದಗಳು ಡಚ್ ಭಾಷೆಯಲ್ಲಿವೆ.

ಇತರ ಯುರೋಪಿಯನ್ ದತ್ತಸಂಚಯಗಳು

ಯುರೋಪಿನ ಇತರ ಆಸ್ಪತ್ರೆಗಳ ಮಾಹಿತಿಯೂ ಸಂಶೋಧಕರಿಗೆ ದೊರೆಯುವಂತಾಗಿದೆ. ಸ್ವಿಟ್ಜರ್ಲೆಂಡ್‌ನ ಬರ್ನ್ ವಿಶ್ವವಿದ್ಯಾಲಯ ಆಸ್ಪತ್ರೆಯ ಹೈರಿಡ್ ಮತ್ತು ಆಸ್ಟ್ರಿಯದ ಸಾಲ್ಜ್‌ಬರ್ಗ್‌ನ ದತ್ತಸಂಚಯ ಇವುಗಳಲ್ಲಿ ಮುಖ್ಯವಾದವು. ಒಂದು ಆಸ್ಪತ್ರೆಯಲ್ಲಿ ರೂಪುಗೊಂಡ ಮುನ್ಸೂಚನಾ ಮಾದರಿಯನ್ನು ಮತ್ತೊಂದು ದೇಶದ ದಾಖಲೆಗಳ ಮೇಲೆ ಪರೀಕ್ಷಿಸುವುದು ಇವುಗಳಿಂದ ಸಾಧ್ಯವಾಗಿದೆ.