ನಾನ್ನಜ ಎರೆಬೂತ ಅಭಯಾರಣ್ಯ

ಮಹಾರಾಷ್ಟ್ರದ ಸೊಲ್ಲಾಪುರ ಮತ್ತು ಅಹ್ಮದನಗರ (ಈಗ ಅಹಿಲ್ಯಾನಗರ) ಜಿಲ್ಲೆಗಳಲ್ಲಿ ಚದುರಿಕೊಂಡಿರುವ ಹುಲ್ಲುಬಯಲಿನ ವನ್ಯಜೀವಿಧಾಮ. ಮರಾಠಿಯಲ್ಲಿ ಮಾಳಢೋಕ, ಕನ್ನಡದಲ್ಲಿ ಎರೆಬೂತ ಎಂದು ಹೆಸರಾದ ದೊಡ್ಡ ನೆಲಹಕ್ಕಿಯ ರಕ್ಷಣೆಗೆಂದು 1979ರಲ್ಲಿ ಘೋಷಣೆಯಾಯಿತು. ಸೊಲ್ಲಾಪುರದಿಂದ ಬಾರ್ಶಿ ರಸ್ತೆಯಲ್ಲಿ ಸುಮಾರು 20 ಕಿ.ಮೀ. ದೂರವಿರುವ ನಾನ್ನಜ ಇದರ ಮುಖ್ಯ ನೆಲೆ.

ಇಲ್ಲಿ ಬೆಟ್ಟವಿಲ್ಲ, ದಟ್ಟ ಕಾಡೂ ಇಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಹರಿದ ಲಾವಾ ಹೆಪ್ಪುಗಟ್ಟಿ ಆದ ಕರಿಗಲ್ಲಿನ ಮೇಲೆ ಅಲೆಅಲೆಯಾಗಿ ಏರಿಳಿಯುವ ಬಯಲಿದು. ತಗ್ಗಿನಲ್ಲಿ ಎರೆಮಣ್ಣು, ಹಿಂಗಾರಿ ಬಿಳಿಜೋಳ. ದಿಬ್ಬದ ಮೇಲೆ ಗೇಣು ಅಗೆದರೆ ಗರಸು ಸಿಗುವ ಮಡ್ಡಿ. ಅಕ್ಕಲಕೋಟ ದಾರಿಯ ವಳಸಂಗದ ಕನ್ನಡ ರೈತರಿಗೆ ಈ ನೆಲವನ್ನು ವಿವರಿಸಿ ಹೇಳಬೇಕಾಗಿಲ್ಲ. ಅವರ ಊರಿನ ಸುತ್ತಲೂ ಇಂಥದೇ ನೆಲ. ಬೇಸಿಗೆಯಲ್ಲಿ ಮಡ್ಡಿ ಬೋಳು ಬೋಳಾಗಿ, ಒಣಗಿದ ಹುಲ್ಲು ಮಣ್ಣಿನ ಬಣ್ಣಕ್ಕೇ ತಿರುಗಿರುತ್ತದೆ. ಎರಡು ಹದ ಮಳೆ ಬಿದ್ದರೆ ಸಾಕು, ವಾರದೊಳಗೆ ಹಸಿರು ಚಿಗುರಿ ಮಿಡತೆಗಳು ತುಂಬಿಕೊಳ್ಳುತ್ತವೆ. ಚಿಗರಿ, ತೋಳ, ನರಿ ಈ ಬಯಲನ್ನೇ ನಂಬಿ ಬದುಕುತ್ತವೆ. ಚಳಿಗಾಲಕ್ಕೆ ಮಧ್ಯ ಏಷ್ಯಾದ ಕಡೆಯಿಂದ ಸೆಳೆವ ಎಂಬ ಹಕ್ಕಿಗಳು ಬಂದು ಹುಲ್ಲಿನ ಮೇಲೆ ತೀರ ಕೆಳಗೆ ತೇಲುತ್ತ ಬೇಟೆಯಾಡುತ್ತವೆ.

ಎರೆಬೂತದ ಗಂಡು ಸುಮಾರು ಒಂದು ಮೀಟರ್ ಎತ್ತರ ನಿಲ್ಲುತ್ತದೆ, 15 ಕಿಲೋವರೆಗೂ ತೂಗುತ್ತದೆ. ಮಳೆಗಾಲದಲ್ಲಿ ಅದು ದಿಬ್ಬ ಏರಿ, ಬಾಲ ಎತ್ತಿ ಬೆನ್ನಿಗೆ ಚಾಚಿ, ಗಂಟಲ ಚೀಲವನ್ನು ಗಾಳಿಯಿಂದ ಉಬ್ಬಿಸಿ ಕಾಲಿನ ತನಕ ಇಳಿಬಿಟ್ಟು ಗಂಭೀರವಾಗಿ ಮೊಳಗುತ್ತದೆ. ಹೆಣ್ಣು ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಆ ಮೊಟ್ಟೆ ದನದ ಕಾಲಿಗೋ ನಾಯಿಯ ಬಾಯಿಗೋ ಸಿಕ್ಕಿತೆಂದರೆ ಆ ಸಲದ ಸಂತಾನ ಹೋದಂತೆಯೇ. ಇಷ್ಟು ನಿಧಾನವಾಗಿ ಹೆಚ್ಚುವ ಹಕ್ಕಿ ಬಂದೂಕನ್ನು ತಾಳಿಕೊಳ್ಳಲಾರದು. 1809ರಿಂದ 1829ರ ನಡುವೆ ಅಹ್ಮದನಗರ ಸೀಮೆಯಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಬೇಟೆಗಾರ 961 ಎರೆಬೂತಗಳನ್ನು ಹೊಡೆದನೆಂಬ ದಾಖಲೆಯಿದೆ. ಇಂದು ದೇಶದಲ್ಲೆಲ್ಲ ಸೇರಿ ಉಳಿದಿರುವ ಕಾಡುಹಕ್ಕಿಗಳು ಸುಮಾರು 150 ಎಂಬುದನ್ನು ಇದರ ಪಕ್ಕದಲ್ಲಿಟ್ಟು ಓದಬೇಕು.

ನಾನ್ನಜದಲ್ಲಿ ಈ ಹಕ್ಕಿ ಇದೆಯೆಂಬುದನ್ನು 1972ರಲ್ಲಿ ಲೋಕದ ಗಮನಕ್ಕೆ ತಂದವರು ಸೊಲ್ಲಾಪುರದ ಬಿ.ಎಸ್. ಕುಲಕರ್ಣಿ. ಅದು ಭೀಕರ ಬರಗಾಲದ ವರ್ಷ. ಮುಂದೆ ಬರಪೀಡಿತ ಪ್ರದೇಶ ಅಭಿವೃದ್ಧಿ ಯೋಜನೆಯಡಿ ಇಲ್ಲಿನ ಕೆಲವು ತಾಕುಗಳಲ್ಲಿ ಮೇಯುವುದನ್ನು ತಡೆದು ಹುಲ್ಲು ಬೆಳೆಸಿದರು. ಆ ತಾಕುಗಳೇ ಎರೆಬೂತದ ಆಸರೆಯಾದವು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಅಸದ್ ರಹಮಾನಿ ಮತ್ತು ಸಂಗಡಿಗರು 1980ರ ದಶಕದಲ್ಲಿ ನಡೆಸಿದ ಅಧ್ಯಯನದಿಂದ ನಾನ್ನಜ ಪಕ್ಷಿಶಾಸ್ತ್ರದಲ್ಲಿ ಹೆಸರಾಯಿತು.

ಆದರೆ ಹುಲ್ಲನ್ನು ಹುಲ್ಲಾಗಿಯೇ ಕಾಯಬೇಕೆಂಬುದು ಆಡಳಿತಕ್ಕೆ ಬೇಗ ಹೊಳೆಯಲಿಲ್ಲ. ಕಂದಾಯದ ಕಡತದಲ್ಲಿ ಮಡ್ಡಿಯೆಂದರೆ ಬೀಳು. ಬೀಳೆಂದರೆ ಮರ ನೆಡುವ ಜಾಗ. ಗ್ಲಿರಿಸಿಡಿಯಾದಂಥ ಗಿಡಗಳನ್ನು ನೆಟ್ಟಲ್ಲಿ ಬಯಲು ಮುಚ್ಚಿಹೋಯಿತು. ದೂರದವರೆಗೆ ಕಣ್ಣು ಹಾಯಿಸಿ ಅಪಾಯ ಅರಿಯುವ ಹಕ್ಕಿಗೆ ಅಂಥ ಜಾಗ ಬೇಡ. ಕರ್ನಾಟಕದ ರಾಣೆಬೆನ್ನೂರಿನಲ್ಲೂ ಇದೇ ನಡೆಯಿತು: 1974ರಲ್ಲಿ ಅಭಯಾರಣ್ಯವಾದ ಆ ಬಯಲಿನಲ್ಲಿ ನೀಲಗಿರಿ ತೋಪು ಎದ್ದಿತು, ಎರೆಬೂತ ಇಲ್ಲವಾಯಿತು.

ಎರಡನೆಯ ತಪ್ಪು ಗಡಿಯದು. ಮೊದಲ ಘೋಷಣೆಯಲ್ಲಿ ಅಭಯಾರಣ್ಯದ ವಿಸ್ತಾರ 8,496 ಚದರ ಕಿ.ಮೀ. ಹೊಲ, ಊರು, ಪೇಟೆಗಳೆಲ್ಲ ಅದರೊಳಗೆ ಬಂದವು. ತನ್ನದೇ ಹೊಲ ಮಾರಲು, ಪರಭಾರೆ ಮಾಡಲು ಅಡ್ಡಿಯಾದಾಗ ರೈತ ಹಕ್ಕಿಯನ್ನೇ ಶಾಪವೆಂದುಕೊಂಡ. ಅವನ ಸಿಟ್ಟು ನ್ಯಾಯವಾದದ್ದೇ. ಜೋಳದ ಹೊಲದಲ್ಲಿ ಎರೆಬೂತವನ್ನು ತಲೆಮಾರುಗಳಿಂದ ಸಹಿಸಿಕೊಂಡು ಬಂದವನೂ ಅವನೇ. ಕಡೆಗೆ 2012ರಲ್ಲಿ ವಿಸ್ತಾರವನ್ನು 1,222 ಚದರ ಕಿ.ಮೀ.ಗೆ ಇಳಿಸಲಾಯಿತು. ಅಷ್ಟರಲ್ಲಿ ಭೀಮಾ ನದಿಯ ಉಜನಿ ಅಣೆಕಟ್ಟೆಯ ನೀರು ಸೀಮೆಯ ಬೆಳೆಯನ್ನೇ ಬದಲಿಸಿತ್ತು. ಜೋಳ, ಕಡಲೆ, ಕುಸುಬೆ ಇದ್ದಲ್ಲಿ ಕಬ್ಬು ನಿಂತಿತು. ಜೋಳದ ಕೂಳೆಯಲ್ಲಿ ಹುಳ ಹೆಕ್ಕುವ ಎರೆಬೂತಕ್ಕೆ ಕಬ್ಬಿನ ಗದ್ದೆಯಲ್ಲಿ ತಿನ್ನಲೂ ಇಲ್ಲ, ನಿಲ್ಲಲೂ ಇಲ್ಲ. ವಿದ್ಯುತ್ ತಂತಿಗಳು ಇನ್ನೊಂದು ಕಂಟಕ: ಕಣ್ಣುಗಳು ತಲೆಯ ಬದಿಗಿರುವುದರಿಂದ ಹಾರುವಾಗ ಎದುರಿನ ತಂತಿ ಈ ಹಕ್ಕಿಗೆ ತಡವಾಗಿ ಕಾಣುತ್ತದೆ, ಭಾರದ ದೇಹ ಚಟ್ಟನೆ ತಿರುಗದು.

ಈಗ ನಾನ್ನಜದಲ್ಲಿ ಒಂಟಿ ಎರೆಬೂತ ಕಂಡರೂ ಅದು ಪತ್ರಿಕೆಗೆ ಸುದ್ದಿ. ಕರ್ನಾಟಕದಲ್ಲಿ ಉಳಿದಿರುವ ನೆಲೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆ, ಅಲ್ಲಿಯೂ ಬೆರಳೆಣಿಕೆಯಷ್ಟೇ. ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯಲ್ಲಿ 2019ರಿಂದ ಮೊಟ್ಟೆಗೆ ಕಾವು ಕೊಟ್ಟು ಮರಿ ಸಾಕುವ ಕೆಲಸ ನಡೆದಿದೆ. ಆ ಸಂತತಿಯನ್ನು ದಖ್ಖನ್ನಿನಲ್ಲಿ ಮತ್ತೆ ಬಿಡುವ ದಿನ ಬಂದರೆ, ಅದಕ್ಕೆ ಬೇಕಾದ ಹುಲ್ಲು ನಾನ್ನಜದ ತಾಕುಗಳಲ್ಲಿ ಇನ್ನೂ ಇದೆ.