ಕಪಾಟಿನಿಂದ ಉರುಳಿದ ನಗೆ

ದೂರದರ್ಶನವು ಮನೆಮನೆಗೆ ಬರುವ ಮುನ್ನ ಅಮೆರಿಕದ ಕುಟುಂಬಗಳು ಸಂಜೆಯ ವೇಳೆ ಬಾನುಲಿಯ ಸುತ್ತ ಕುಳಿತು ಒಟ್ಟಾಗಿ ನಗುತ್ತಿದ್ದವು. ಆ ನಗುವನ್ನು ಹಂಚಿದ ಹಾಸ್ಯ ಧಾರಾವಾಹಿಗಳಲ್ಲಿ ‘ಫಿಬರ್ ಮೆಗೀ ಅಂಡ್ ಮಾಲಿ’ ಪ್ರಮುಖವಾದುದು. 1935ರಲ್ಲಿ ಎನ್‌ಬಿಸಿಯಲ್ಲಿ ಇದು ಆರಂಭವಾಯಿತು. ಬಡಾಯಿಕೋರ ಗಂಡ ಮೆಗೀ, ತಾಳ್ಮೆಯ ಹೆಂಡತಿ ಮಾಲಿ. ಈ ಪಾತ್ರಗಳಿಗೆ ದನಿಯಾದ ಜಿಮ್ ಮತ್ತು ಮರಿಯನ್ ಜೋರ್ಡನ್ ನಿಜಜೀವನದಲ್ಲೂ ದಂಪತಿಗಳು. ಪಿಯೋರಿಯಾ ಊರಿನ ಚರ್ಚಿನ ಗಾನವೃಂದದಲ್ಲಿ ಪರಿಚಿತರಾದ ಇವರು 1918ರಲ್ಲಿ ವಿವಾಹವಾಗಿದ್ದರು.

1940ರಿಂದ ಇವರ ಮನೆಯ ಕಪಾಟು ಹೆಸರುವಾಸಿಯಾಯಿತು. ಮೆಗೀ ಅದರ ಬಾಗಿಲು ತೆರೆದೊಡನೆ ಒಳಗೆ ತುರುಕಿದ್ದ ಸಾಮಾನುಗಳೆಲ್ಲ ದಡದಡನೆ ಉರುಳುತ್ತಿದ್ದವು. ಕೊನೆಯಲ್ಲಿ ಪುಟ್ಟ ಗಂಟೆಯೊಂದರ ನಾದ. ಕಣ್ಣಿಗೆ ಏನೂ ಕಾಣದ ಕಾರಣ ಕೇಳುಗರು ತಂತಮ್ಮ ಮನೆಯ ಕಪಾಟನ್ನೇ ಕಲ್ಪಿಸಿಕೊಂಡು ನಗಬಹುದಾಗಿತ್ತು.

1942ರ ಡಿಸೆಂಬರಿನಲ್ಲಿ, ಯುದ್ಧಕಾಲದ ರಬ್ಬರ್ ಉಳಿತಾಯಕ್ಕಾಗಿ ಪೆಟ್ರೋಲ್ ಪಡಿತರವು ದೇಶದಾದ್ಯಂತ ಜಾರಿಗೆ ಬಂದಿತು. ಬಾನುಲಿಯಲ್ಲಿ ಮೆಗೀ ಗೊಣಗಿದ. ಸುತ್ತಲಿನವರು ಬುದ್ಧಿ ಹೇಳಿದರು. ಅವನನ್ನು ಕಂಡು ನಕ್ಕವರು ತಮ್ಮ ಗೊಣಗಾಟಕ್ಕೂ ನಕ್ಕಂತಾಯಿತು.

ಆದರೆ ಅದರ ಎಲ್ಲ ನಗೆಯೂ ನಿರ್ಮಲವಾಗಿರಲಿಲ್ಲ. 1944ರಲ್ಲಿ ಬಂದ ಬ್ಯೂಲಾ ಎಂಬ ಕಪ್ಪುವರ್ಣೀಯ ಮನೆಗೆಲಸದಾಕೆಯ ಪಾತ್ರಕ್ಕೆ ದನಿ ಕೊಟ್ಟವನು ಮಾರ್ಲಿನ್ ಹರ್ಟ್ ಎಂಬ ಬಿಳಿಯ ನಟ. ಅಲ್ಲಿ ಒಂದು ಜನಾಂಗದ ಮಾತಿನ ರೀತಿಯೇ ಪರರ ವಿನೋದಕ್ಕೆ ವಸ್ತುವಾಯಿತು.

ಒಂದೇ ಮನೆಯೊಳಗೆ ಎರಡು ಬಗೆಯ ನಗೆ! ತನ್ನ ಕಪಾಟನ್ನು ತೆರೆದು ತಾನೇ ನಗುವುದು ಮನಸ್ಸನ್ನು ಹಗುರಗೊಳಿಸುತ್ತದೆ. ನೆರೆಯವರ ಬದುಕನ್ನು ಅಣಕಿಸಿ ನಗುವುದು ಅವರನ್ನು ನೋಯಿಸುತ್ತದೆ. ನಮ್ಮ ಮನೆಗಳಲ್ಲಿ ಕೇಳಿಬರುವ ನಗೆ ಯಾವುದು?