ಗಾಯಕ್ಕೆ ಹೀರುಗಾಳಿಯ ಮದ್ದು: ತಲೆ, ಕುತ್ತಿಗೆಗೆ ಋಣ ಒತ್ತಡ ಚಿಕಿತ್ಸೆ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲ್ 2023ರ ಫೆಬ್ರುವರಿ 6ರಂದು ಲೋಕಾರ್ಪಣೆಗೊಂಡ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಿಂದ ನಾಡಿನ ಗಮನ ಸೆಳೆದಿದೆ. ತೆಂಗು, ಅಡಿಕೆ ತೋಟಗಳ ಈ ಸೀಮೆಯಲ್ಲಿ ಮರದಿಂದ ಬಿದ್ದವರು, ಹೆದ್ದಾರಿಯಲ್ಲಿ ಪೆಟ್ಟಾದವರು ಹಾಗೂ ತಂಬಾಕು-ಅಡಿಕೆ ಜಗಿದು ಬಾಯಿ ಕ್ಯಾನ್ಸರ್‌ಗೆ ತುತ್ತಾದವರು ತಲೆ, ಕುತ್ತಿಗೆಯ ಕ್ಲಿಷ್ಟ ಗಾಯಗಳನ್ನು ಎದುರಿಸಬೇಕಾಗುತ್ತದೆ. ಇಂತಹ ಗಾಯಗಳ ಆರೈಕೆಗೆ ವೈದ್ಯರು ಬಳಸುವ ವಿಧಾನಗಳಲ್ಲಿ ‘ಋಣ ಒತ್ತಡ ಚಿಕಿತ್ಸೆ’ ಒಂದು. ಆಸ್ಪತ್ರೆಗಳಲ್ಲಿ ಇದನ್ನು ‘ವ್ಯಾಕ್ ಡ್ರೆಸ್ಸಿಂಗ್’ ಎನ್ನುವುದು ರೂಢಿ.

ವಿಧಾನವೇನು?

ಶುಚಿಗೊಳಿಸಿದ ಗಾಯದ ಕುಳಿಯಲ್ಲಿ ರಂಧ್ರಮಯ ಸ್ಪಂಜನ್ನು ಇರಿಸಿ, ಅದರ ಮೇಲೆ ಗಾಳಿಯಾಡದಂತೆ ಪಾರದರ್ಶಕ ಅಂಟುಹಾಳೆ ಹೊದಿಸಲಾಗುತ್ತದೆ. ಅದಕ್ಕೆ ಜೋಡಿಸಿದ ಕೊಳವೆ ಯಂತ್ರದ ನೆರವಿನಿಂದ ಗಾಳಿ ಹಾಗೂ ದ್ರವವನ್ನು ಹೀರಿಕೊಳ್ಳುತ್ತದೆ. ಸಾಮಾನ್ಯವಾಗಿ ವಾಯುಮಂಡಲದ ಒತ್ತಡಕ್ಕಿಂತ 125 ಮಿ.ಮೀ. ಪಾದರಸದಷ್ಟು ಕಡಿಮೆ ಒತ್ತಡ ಇರಿಸಲಾಗುತ್ತದೆ. ಸೂಕ್ಷ್ಮ ಜಾಗಗಳಲ್ಲಿ ಹೀರುವ ಬಲವನ್ನು ತಗ್ಗಿಸುವುದುಂಟು. ಎರಡು ಮೂರು ದಿನಕ್ಕೊಮ್ಮೆ ಸ್ಪಂಜು ಬದಲಾಗುತ್ತದೆ. ಊತ ಇಳಿದು, ಗಾಯದ ಅಂಚುಗಳು ಹತ್ತಿರವಾಗಿ, ಹೊಸ ಮಾಂಸಾಂಕುರ ಚಿಗುರುತ್ತದೆ. ಅಮೆರಿಕದ ವೈದ್ಯ ಲೂಯಿ ಅರ್ಜೆಂಟಾ ಮತ್ತು ವಿಜ್ಞಾನಿ ಮೈಕೆಲ್ ಮೋರಿಕ್ವಾಸ್ 1997ರಲ್ಲಿ ಪ್ರಕಟಿಸಿದ ವರದಿಗಳಿಂದ ಈ ವಿಧಾನ ಜಗತ್ತಿನಾದ್ಯಂತ ಪ್ರಚಾರ ಪಡೆಯಿತು.

ತಲೆ, ಕುತ್ತಿಗೆಯಲ್ಲಿ ಎಲ್ಲಿ ಉಪಯೋಗ?

ನೆತ್ತಿಯ ಚರ್ಮ ಕಿತ್ತುಹೋದಾಗ, ಚರ್ಮ ಕಸಿಯನ್ನು ಸ್ಥಳದಲ್ಲಿ ಹಿಡಿದಿಡಲು, ಹಲ್ಲಿನ ಸೋಂಕು ಕುತ್ತಿಗೆಗೆ ಹಬ್ಬಿ ಕೊಳೆತ ಅಂಗಾಂಶವನ್ನು ತೆಗೆದ ಮೇಲೆ ಹಾಗೂ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಜೊಲ್ಲು ಸೋರುವ ಆಯ್ದ ಪ್ರಕರಣಗಳಲ್ಲಿ ಇದನ್ನು ಬಳಸಲಾಗುತ್ತದೆ. ಆದರೆ ಬಾಯಿ, ಮೂಗು, ಕಿವಿ ಮತ್ತು ಗಡ್ಡದ ಬಳಿ ಅಂಟುಹಾಳೆ ಭದ್ರವಾಗಿ ನಿಲ್ಲುವುದು ಕಷ್ಟ. ಈ ಭಾಗದ ಗಾಯಗಳ ಕುರಿತ ಅಧ್ಯಯನಗಳಲ್ಲಿ ಹೆಚ್ಚಿನವು ಸಣ್ಣ ಪ್ರಮಾಣದವು ಎಂಬುದನ್ನೂ ಗಮನಿಸಬೇಕು.

ಎಚ್ಚರಿಕೆ ಅಗತ್ಯ

ಮಿದುಳಿಗೆ ರಕ್ತ ಒಯ್ಯುವ ಕೆರೊಟಿಡ್ ಅಪಧಮನಿ ಕುತ್ತಿಗೆಯಲ್ಲೇ ಹಾದುಹೋಗುತ್ತದೆ. ತೆರೆದುಕೊಂಡ ರಕ್ತನಾಳದ ಮೇಲೆ ಸ್ಪಂಜು ನೇರವಾಗಿ ಇರಿಸಿದರೆ ರಕ್ತಸ್ರಾವದಿಂದ ಪ್ರಾಣಾಪಾಯವಾಗಬಹುದು. ಈ ಚಿಕಿತ್ಸೆಗೆ ಸಂಬಂಧಿಸಿದಂತೆ 12 ಸಾವು ಹಾಗೂ 174 ಗಾಯದ ಪ್ರಕರಣ ವರದಿಯಾಗಿವೆ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2009 ಮತ್ತು 2011ರ ಎಚ್ಚರಿಕೆಗಳಲ್ಲಿ ತಿಳಿಸಿತ್ತು. ರಕ್ತಸ್ರಾವ ಅತ್ಯಂತ ಗಂಭೀರ ತೊಡಕಾಗಿತ್ತು. ಗಾಯದಲ್ಲಿ ಕ್ಯಾನ್ಸರ್ ಉಳಿದಿದ್ದರೆ, ಸತ್ತ ಅಂಗಾಂಶ ತೆಗೆಯದಿದ್ದರೆ ಅಥವಾ ಮೂಳೆಯ ಸೋಂಕಿಗೆ ಚಿಕಿತ್ಸೆಯಾಗದಿದ್ದರೆ ಇದನ್ನು ಬಳಸುವಂತಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಕೊಳವೆಯಲ್ಲಿ ಕೆಂಪು ರಕ್ತ ಹರಿಯುವುದು ಕಂಡರೆ ತಕ್ಷಣ ಯಂತ್ರ ನಿಲ್ಲಿಸಿ, ಗಾಯವನ್ನು ಒತ್ತಿ ಹಿಡಿದು, ವೈದ್ಯರನ್ನು ಕರೆಯಬೇಕು.

ಹಲ್ಲುನೋವಿನ ನಂತರ ಕುತ್ತಿಗೆ ಊದಿಕೊಂಡು ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಇಲ್ಲವೇ ಉಸಿರಾಡಲು ತೊಂದರೆಯಾದರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ಮಧುಮೇಹಿಗಳಲ್ಲಿ ಸೋಂಕು ಬೇಗ ಹರಡುತ್ತದೆ. ಯಂತ್ರ ಎಷ್ಟೇ ಉತ್ತಮವಾಗಿದ್ದರೂ ಅದು ಶಸ್ತ್ರಚಿಕಿತ್ಸೆಗೆ ಪೂರಕವೇ ಹೊರತು ಪರ್ಯಾಯವಲ್ಲ.